ನೆಲದಡಿಯ ಊರು

ಪ್ರಿಯ ಗೆಳತಿ,

‘ಕೆಜಿಎಫ್’ ಸಿನಿಮಾ ನೋಡಿದ ಮೇಲೆ ಮಕ್ಕಳು ಕೋಲಾರದ ಆ ಚಿನ್ನದ ಗಣಿ ಊರಿಗೇ ಹೋಗೋಣ ಅಂತ ದುಂಬಾಲು ಬಿದ್ದಿದ್ದಾರೆ, ಅಲ್ಲಿ ನೋಡುವಂಥದ್ದು ಏನಿದೆ ಅಂತ ಕೇಳಿದ್ದೀಯ. ನೇರವಾಗಿ ಹೇಳಿಬಿಡುತ್ತೇನೆ: ಕಣ್ಣಿಗೆ ಕಾಣುವುದು ಕಡಿಮೆ. ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ಗುಡ್ಡಗಳು, ತುಕ್ಕು ಹಿಡಿದ ಶಾಫ್ಟ್ ಗೋಪುರಗಳು, ಬ್ರಿಟಿಷರ ಕಾಲದ ಬಂಗಲೆಗಳು, ಒಂದು ಕ್ಲಬ್ಬು. ಮಕ್ಕಳು ಗುಡ್ಡದ ಮುಂದೆ ಫೋಟೊ ತೆಗೆಸಿಕೊಂಡು, ಸಿನಿಮಾದ ರಾಕಿ ಭಾಯ್ ಎಲ್ಲಿ ಅಂತ ಕೇಳಿ, ಅರ್ಧ ಗಂಟೆಗೆಲ್ಲ ಬೇಸರಪಟ್ಟಾರು. (ಗುಡ್ಡ ಮಾತ್ರ ಹತ್ತಿಸಬೇಡ, ಆ ಧೂಳು ಒಳ್ಳೆಯದಲ್ಲ.)

ನೋಡಬೇಕಾದ ಊರು ಇರುವುದು ನೆಲದಡಿ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ಆಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಹಂಪಿಯಲ್ಲಿ ಗೈಡ್ ಬಾಯಿ ಮುಚ್ಚಿದರೂ ಕಲ್ಲು ಕಣ್ಣೆದುರಿಗೆ ಇರುತ್ತದೆ. ಇಲ್ಲಿ ಹಾಗಲ್ಲ. ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿದು ಹತ್ತಿ ಬದುಕಿದವರು ಬಾಯಿ ಬಿಟ್ಟರಷ್ಟೇ ಆ ಊರು ಉಂಟು. ಗಣಿ ಮುಚ್ಚುವಾಗ ಇಪ್ಪತ್ತೈದರ ಹುಡುಗನಾಗಿದ್ದವನಿಗೂ ಈಗ ಐವತ್ತರ ಆಸುಪಾಸು. ಹಿರಿಯರಲ್ಲಿ ಎಷ್ಟೋ ಮಂದಿಯ ಶ್ವಾಸಕೋಶವನ್ನು ಕಲ್ಲಿನ ಧೂಳು ತಿಂದುಹಾಕಿದೆ, ನಾಲ್ಕು ಮಾತಿಗೆ ಏದುಸಿರು. ಅವರ ಮಾತನ್ನು ಈಗಲೇ ರೆಕಾರ್ಡ್ ಮಾಡದೆ, ಮುಂದೆಂದೋ ಮ್ಯೂಸಿಯಂ ಕಟ್ಟಿ ಅದರಲ್ಲಿ ಏನಿಡುತ್ತಾರೆ?

1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು, ಊರನ್ನು ‘ಲಿಟ್ಲ್ ಇಂಗ್ಲೆಂಡ್’ ಅನ್ನುತ್ತಿದ್ದರು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಆ ಕರೆಂಟು ತಿರುಗಿಸಿದ್ದು ಗಣಿ ಕಂಪನಿಯ ಯಂತ್ರಗಳನ್ನು. ಕಾರ್ಮಿಕರ ಸಾಲುಮನೆಗಳಾದ ಕೂಲಿ ಲೈನಿನ ಬಿದಿರು ತಟ್ಟಿಯ ಗುಡಿಸಲಿಗೆ ದೀಪ ಯಾವಾಗ ಬಂತು ಅನ್ನುವುದನ್ನು ಲೈನಿನವರನ್ನೇ ಕೇಳಬೇಕು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ, ಬಹುಪಾಲು ದಲಿತ ಕುಟುಂಬಗಳು ಆ ಲೈನಿನವು. 1930ರಲ್ಲಿ ಹೆಬ್ಬೆಟ್ಟಿನ ಗುರುತು ಕೊಡುವುದಿಲ್ಲ ಅಂತ ಮುಷ್ಕರ ಹೂಡಿದವರು ಅವರ ಅಜ್ಜಂದಿರು. ಕ್ಲಬ್ಬಿನ ಬಿಲಿಯರ್ಡ್ಸ್ ಕಥೆಗಿಂತ ನನಗೆ ಈ ಮುಷ್ಕರದ ಕಥೆ ರುಚಿಸುತ್ತದೆ, ಪಕ್ಷಪಾತ ಅನ್ನು ಬೇಕಾದರೆ.

ಕೇಳುವುದಕ್ಕೂ ಹದ ಬೇಕು. ‘ಗಣಿ ಹೇಗಿತ್ತು?’ ಅಂದರೆ ‘ಚೆನ್ನಾಗಿತ್ತು’ ಅಂತ ಉತ್ತರ ಬಂದು ಮಾತು ಮುಗಿದೇ ಹೋಗುತ್ತದೆ. ಸಣ್ಣದು ಕೇಳು. ಕೆಳಗೆ ಬಂಡೆಯೇ ಬಿಸಿ. ಹಾಗಿರುವಾಗ ಊಟದ ಡಬ್ಬಿಯಲ್ಲಿ ಏನು ಒಯ್ಯುತ್ತಿದ್ದಿರಿ? ಶಿಫ್ಟ್ ಮುಗಿಸಿ ಮೇಲೆ ಬಂದಾಗ ಚಿನ್ನ ಬಚ್ಚಿಟ್ಟಿದ್ದೀರಾ ಅಂತ ಮೈ ತಡಕಿ ನೋಡುತ್ತಿದ್ದರಲ್ಲ, ಮರ್ಯಾದೆಯಿಂದ ನೋಡುತ್ತಿದ್ದರಾ? ಹೆಂಗಸರನ್ನು ಮರೆಯಬೇಡ. ಒಳಗೆ ರಾಕ್‌ಬರ್ಸ್ಟ್ ಆಗಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ಅದುರುತ್ತಿದ್ದವು. ಅಟ್ಟದ ಪಾತ್ರೆ ಗಡಗಡ ಅಂದ ಗಳಿಗೆಯಲ್ಲಿ, ಗಂಡ ಯಾವ ಶಿಫ್ಟಿನಲ್ಲಿದ್ದಾನೆ ಅಂತ ಲೆಕ್ಕ ಹಾಕುತ್ತ ಓಡಿದವರು ಅವರು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ತಾಳೆಯಾಗದಿದ್ದರೆ ತಿದ್ದಲು ಹೋಗಬೇಡ, ಎರಡನ್ನೂ ಕೇಳಿಸಿಕೋ. ತಾರೀಖು ಬೇಕಾದರೆ ಕಡತದಲ್ಲಿ ಸಿಗುತ್ತದೆ.

ಪ್ರವಾಸೋದ್ಯಮ ಅಂದ ಕೂಡಲೇ ನಮ್ಮವರಿಗೆ ಹೊಳೆಯುವುದು ಕಾಂಕ್ರೀಟ್ ಕಮಾನು, ಸೆಲ್ಫಿ ಪಾಯಿಂಟು. ಅದರ ಬದಲು ನಿವೃತ್ತ ಗಣಿ ಕೆಲಸಗಾರರೇ ಶಾಫ್ಟಿನಿಂದ ಲೈನಿಗೆ ಜನರನ್ನು ನಡೆಸಿಕೊಂಡು ಹೋಗಲಿ. ಟಿಕೆಟ್ಟಿನ ದುಡ್ಡೂ ಅವರ ಕೈಗೇ ಸೇರಲಿ. ದುಡ್ಡು ಕೊಡದೆ ಕಥೆ ಕೇಳಿ, ಟೀ ಕುಡಿದು, ಕೈಮುಗಿದು ಬರುವುದು ನನಗೆ ಸರಿ ಕಾಣುವುದಿಲ್ಲ.

ಹೋಗುವಾಗ ಕಾರು ಬೇಡ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತು. ಊರ್ಗಾಂ, ಚಾಂಪಿಯನ್ ಅಂತ ನಿಲ್ದಾಣಗಳಿಗೂ ಗಣಿಗಳದ್ದೇ ಹೆಸರು. ಬೆಂಗಳೂರಿಗೆ ದಿನಾ ಕೆಲಸಕ್ಕೆ ಓಡಾಡುವವರು ಪಕ್ಕದಲ್ಲೇ ಕೂತಿರುತ್ತಾರೆ. ಅವರಾಡುವ ತಮಿಳೂ ನಿನಗೆ ಬರುತ್ತದೆ. ನಿಮ್ಮ ಅಪ್ಪ ಯಾವ ಶಾಫ್ಟಿನಲ್ಲಿದ್ದರು ಅಂತ ಕೇಳಿ ನೋಡು.

ನಿನ್ನ,
ಗೆಳತಿ