ಉಳಿದ ಮೊತ್ತ ಕಟ್ಟುವವರು ಯಾರು?



ಮಗಳೋ ಮಗನೋ "ನಾನು ಅಮೇರಿಕಾದಲ್ಲಿ ಕಲಿಯಬೇಕು" ಎಂದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. "ಅದೆಲ್ಲ ನಮ್ಮಂಥವರಿಗಲ್ಲ" ಎಂಬುದು ಒಂದು. "ಸ್ಕಾಲರ್‌ಶಿಪ್ ಸಿಕ್ಕಿದರೆ ಹೋಗು" ಎಂಬುದು ಇನ್ನೊಂದು. ಎರಡನ್ನೂ ನಾವು ಲೆಕ್ಕ ಹಾಕದೆಯೇ ಹೇಳಿಬಿಡುತ್ತೇವೆ. ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿ, ಹಲವು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ ನನ್ನ ಬಳಿಗೆ ಹಳೆಯ ವಿದ್ಯಾರ್ಥಿಗಳು ಇಂಥ ಅರ್ಜಿಗಳನ್ನು ಹಿಡಿದುಕೊಂಡು ಬರುವುದುಂಟು. ಅವರೊಂದಿಗೆ ಕುಳಿತು ಓದಿ ತಿಳಿದದ್ದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ಮೊದಲು ಖರ್ಚಿನ ವಿಷಯ. ಅಲ್ಲಿನ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಗೆ ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ 68 ಲಕ್ಷ ರೂಪಾಯಿ. ಅದೂ ನಾಲ್ಕು ವರ್ಷದ ಓದು. ಈ ಸಂಖ್ಯೆ ಕೇಳಿಯೇ ಹೆಚ್ಚಿನವರು ಎದ್ದು ಹೋಗುತ್ತಾರೆ. ಆದರೆ ಅಲ್ಲಿ ಎಲ್ಲರೂ ಈ ಪೂರ್ತಿ ಹಣ ಕೊಟ್ಟು ಕಲಿಯುವುದಿಲ್ಲ ಎಂಬುದನ್ನು ತಿಳಿದಿರಬೇಕು.

ಅಲ್ಲಿ ಸಿಗುವ ಸಹಾಯದಲ್ಲಿ ಮುಖ್ಯವಾಗಿ ಎರಡು ವಿಧ. ಅಂಕ ಮತ್ತು ಪ್ರತಿಭೆ ನೋಡಿ ಕೊಡುವುದು ಒಂದು. ಮನೆಯ ಆರ್ಥಿಕ ಸ್ಥಿತಿ ನೋಡಿ ಕೊಡುವುದು ಇನ್ನೊಂದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಮುಂತಾದ ಸಂಸ್ಥೆಗಳು ಎರಡನೆಯ ವಿಧದ ಸಹಾಯ ನೀಡುತ್ತವೆ. ವಿದೇಶದ ವಿದ್ಯಾರ್ಥಿಯಾದರೂ, ಹಣ ಕಟ್ಟುವ ಶಕ್ತಿ ಇದೆಯೇ ಇಲ್ಲವೇ ಎಂಬುದನ್ನು ಪ್ರವೇಶದ ತೀರ್ಮಾನದಲ್ಲಿ ಇವು ನೋಡುವುದಿಲ್ಲ. ಸೀಟು ಸಿಕ್ಕಿದರೆ, ಮನೆಯವರಿಂದ ಕೊಡಲಾಗದ ಮೊತ್ತವನ್ನು ಸಂಸ್ಥೆಯೇ ತುಂಬುತ್ತದೆ. 2022ರಲ್ಲಿ ಡಾರ್ಟ್‌ಮೌತ್ ಮತ್ತು ಬೌಡನ್ ಕಾಲೇಜುಗಳೂ ಇದೇ ನೀತಿಯನ್ನು ಪ್ರಕಟಿಸಿದವು. ಆದರೆ ಇಲ್ಲಿ ಸೀಟು ಸಿಗುವುದೇ ಬಹಳ ಕಷ್ಟ. ಜಗತ್ತಿನ ಎಲ್ಲೆಡೆಯ ಬುದ್ಧಿವಂತ ಮಕ್ಕಳು ಅರ್ಜಿ ಹಾಕುತ್ತಾರೆ.

ಉಳಿದ ಹೆಚ್ಚಿನ ಕಾಲೇಜುಗಳ ರೀತಿಯೇ ಬೇರೆ. ವಿದೇಶದ ವಿದ್ಯಾರ್ಥಿಗೆ ಎಷ್ಟು ಸಹಾಯ ಬೇಕು ಎಂಬುದನ್ನೂ ಗಮನಿಸಿ ಅವು ಪ್ರವೇಶ ತೀರ್ಮಾನಿಸುತ್ತವೆ. ಹೆಚ್ಚು ಸಹಾಯ ಕೇಳಿದರೆ ಸೀಟು ತಪ್ಪಲೂಬಹುದು. ಕಾರ್ನೆಲ್ ವಿಶ್ವವಿದ್ಯಾಲಯ ಈ ಸಾಲಿಗೆ ಸೇರಿದ್ದರೂ, ಟಾಟಾ ಟ್ರಸ್ಟ್ 2008ರಲ್ಲಿ ನೀಡಿದ 2.5 ಕೋಟಿ ಡಾಲರ್ ನಿಧಿಯಿಂದ ಅಲ್ಲಿ ಭಾರತದ ಪದವಿ ವಿದ್ಯಾರ್ಥಿಗಳಿಗೆಂದೇ ವಿದ್ಯಾರ್ಥಿವೇತನವಿದೆ. ಇನ್ನು ಅಮೇರಿಕಾ ಸರಕಾರದ ಸಹಾಯಕ್ಕಾಗಿ ತುಂಬುವ 'ಫಾಫ್ಸಾ' ಎಂಬ ಅರ್ಜಿ ಅಲ್ಲಿನ ನಾಗರಿಕರಿಗೆ ಮತ್ತು ಅಲ್ಲಿ ನೆಲೆಸಿದ ಕೆಲವು ವರ್ಗದವರಿಗೆ ಮಾತ್ರ. ವೀಸಾ ಪಡೆದು ಹೋಗುವ ನಮ್ಮ ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಒಬ್ಬ ವಿದ್ಯಾರ್ಥಿನಿ ದ್ವಿತೀಯ ಪಿಯುಸಿಯಲ್ಲಿದ್ದಾಗ ಇಂಥದೇ ಅರ್ಜಿ ತುಂಬುತ್ತಿದ್ದಳು. ತಂದೆಗೆ ಒಂದು ಗುಜರಿ ಅಂಗಡಿ, ಅವಳ ಕೆಳಗೆ ಮೂವರು ಮಕ್ಕಳು. "ಸಹಾಯ ಬೇಕೇ ಎಂಬ ಪ್ರಶ್ನೆಗೆ ಈಗ ಇಲ್ಲ ಎಂದು ಬರೆಯಿರಿ, ಸೀಟು ಸಿಕ್ಕ ಮೇಲೆ ಕೇಳಿದರಾಯಿತು" ಎಂದು ಒಂದು ಏಜೆನ್ಸಿಯವರು ಅವರಿಗೆ ಹೇಳಿದ್ದರು. ಆ ಕಾಲೇಜುಗಳ ನಿಯಮಗಳನ್ನು ನಾವು ಒಂದೊಂದಾಗಿ ಓದಿದೆವು. ಪ್ರವೇಶದ ಸಮಯದಲ್ಲಿ ಸಹಾಯ ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದೆ ಸಹಾಯ ಸಿಗದು ಎಂದು ಅವುಗಳಲ್ಲಿ ಹೆಚ್ಚಿನವು ಸ್ಪಷ್ಟವಾಗಿ ಬರೆದಿದ್ದವು. ಅವಳು "ಹೌದು, ಬೇಕು" ಎಂದೇ ಬರೆದಳು.

ಆಗ ಅಡ್ಡ ಬಂದದ್ದು ಇನ್ನೊಂದು ಸಂಕೋಚ. ಅನೇಕ ಕಾಲೇಜುಗಳು 'ಸಿಎಸ್‌ಎಸ್ ಪ್ರೊಫೈಲ್' ಎಂಬ ಅರ್ಜಿಯನ್ನು ಕೇಳುತ್ತವೆ. ಹೆತ್ತವರ ಆದಾಯ, ಉಳಿತಾಯ, ಮನೆ, ಸಾಲ, ಕಲಿಯುತ್ತಿರುವ ಇತರ ಮಕ್ಕಳು ಎಲ್ಲವನ್ನೂ ಅದರಲ್ಲಿ ತುಂಬಬೇಕು. ಹುಡುಗಿಯ ತಾಯಿ ಮೆಲ್ಲನೆ, "ಟೀಚರ್, ನಮ್ಮ ಮನೆಯ ಪಾಡನ್ನು ಪರವೂರಿನವರಿಗೆ ಬರೆದುಕೊಡುವುದೆಂದರೆ ಕೈಯೊಡ್ಡಿದ ಹಾಗಲ್ಲವಾ?" ಎಂದು ಕೇಳಿದರು. ಅವರ ಮಾತು ನನ್ನ ಮನಸ್ಸನ್ನು ತಟ್ಟಿತು. ಬಡತನವನ್ನು ಮುಚ್ಚಿಟ್ಟು ಮಾನ ಕಾಯುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ನಾನೆಂದೆ: "ಅವರು ಕೇಳಿದ ಪ್ರಶ್ನೆಗೆ ನೀವು ನಿಜವಾದ ಉತ್ತರ ಕೊಡುತ್ತಿದ್ದೀರಿ, ಅಷ್ಟೆ. ಕೈಯೊಡ್ಡುವುದಲ್ಲ ಇದು. ಈ ಹಣವನ್ನು ತೆಗೆದಿಟ್ಟಿರುವುದೇ ಇಂಥ ಮಕ್ಕಳಿಗಾಗಿ." ಅವರು ಒಳಗೆ ಹೋಗಿ ಅಂಗಡಿಯ ಲೆಕ್ಕದ ಪುಸ್ತಕ ತಂದುಕೊಟ್ಟರು. ಇರುವ ಆದಾಯವನ್ನು ಮುಚ್ಚಿಟ್ಟು ಬಡವರೆನಿಸಿಕೊಳ್ಳುವುದೂ ತಪ್ಪು, ಇಲ್ಲದ್ದನ್ನು ಇದೆಯೆಂದು ತೋರಿಸುವುದೂ ತಪ್ಪು. ಸುಳ್ಳು ಬಯಲಾದರೆ ಸಿಕ್ಕ ಸೀಟೂ ಹೋಗುತ್ತದೆ.

ಕೊನೆಗೆ ಅವಳಿಗೆ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ವರ್ಷಕ್ಕೆ 20,000 ಡಾಲರ್ ವಿದ್ಯಾರ್ಥಿವೇತನ! ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಆದರೆ ಒಟ್ಟು ಖರ್ಚು 60,000 ಡಾಲರ್. ಉಳಿದ 40,000 ಡಾಲರ್ ಎಂದರೆ ವರ್ಷಕ್ಕೆ 34 ಲಕ್ಷ, ನಾಲ್ಕು ವರ್ಷಕ್ಕೆ 1 ಕೋಟಿ 36 ಲಕ್ಷ ರೂಪಾಯಿ. ಮನೆ ಮಾರಿದರೂ ಸಾಲದು. ತಂಗಿಯರ ಪಾಲನ್ನು ತಿಂದು ನಾನು ಓದಲಾರೆ ಎಂದು ಆ ಹುಡುಗಿಯೇ ಬೇಡವೆಂದು ಬರೆದಳು. ಎರಡು ದಿನ ಅತ್ತಳು. ಆಮೇಲೆ ಮಂಗಳೂರಿನಲ್ಲಿ ಬಿ.ಎಸ್ಸಿ.ಗೆ ಸೇರಿದಳು.

ಸಹೋದರಿಯರೇ, ಸ್ಕಾಲರ್‌ಶಿಪ್ ಎಷ್ಟು ಸಿಕ್ಕಿತು ಎಂದು ನೆಂಟರು ಕೇಳುತ್ತಾರೆ. ಉಳಿದದ್ದು ಎಷ್ಟು, ಅದನ್ನು ಕಟ್ಟುವವರು ಯಾರು ಎಂದು ನೀವು ಕೇಳಬೇಕು. ಸಹಾಯ ನಾಲ್ಕೂ ವರ್ಷಕ್ಕೆ ಇದೆಯೇ, ಅಂಕ ಕಡಿಮೆಯಾದರೆ ನಿಲ್ಲುತ್ತದೆಯೇ ಎಂದು ಪತ್ರದಲ್ಲಿ ಓದಬೇಕು. ಸಣ್ಣ ಖರ್ಚುಗಳೂ ಸಣ್ಣವಲ್ಲ: ವಿದ್ಯಾರ್ಥಿ ವೀಸಾದ ಅರ್ಜಿಗೆ 185 ಡಾಲರ್, 'ಸೆವಿಸ್' ಶುಲ್ಕ 350 ಡಾಲರ್, ಜೊತೆಗೆ ವಿಮಾನ ಟಿಕೆಟ್. ಊಟ, ವಸತಿಗೆಂದು ಕೊಡುವ ಸಹಾಯದ ಮೇಲೆ ಅಲ್ಲಿ ತೆರಿಗೆ ಬೀಳಬಹುದು. ಅಲ್ಲಿ ದುಡಿದು ಕಟ್ಟುತ್ತೇನೆ ಎಂಬ ಮಾತನ್ನೂ ನಂಬಿಕೊಳ್ಳಬೇಡಿ. ತರಗತಿ ನಡೆಯುವ ದಿನಗಳಲ್ಲಿ ಕಾಲೇಜಿನ ಆವರಣದಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸಕ್ಕೆ ಅನುಮತಿ. ಸಹಾಯ ಸಿಕ್ಕಿದ ಮಾತ್ರಕ್ಕೆ ವೀಸಾ ಸಿಕ್ಕಂತಲ್ಲ. 2025ರಲ್ಲಿ ಅಮೇರಿಕಾ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ದಿನಾಂಕ ನೀಡುವುದನ್ನೇ ಕೆಲವು ವಾರ ನಿಲ್ಲಿಸಿತ್ತು. ಆದ್ದರಿಂದ ಊರಿನ ಕಾಲೇಜಿನ ಅರ್ಜಿಯನ್ನೂ ಹಾಕಿಡುವುದು ಲೇಸು.

ಬಡ್ಡಿಯ ಸಾಲಕ್ಕೆ ಅಂಜುವ ನಮ್ಮ ಮನೆಗಳು ಸಹಾಯಧನಕ್ಕೂ ಸಾಲಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ಅರಿಯಬೇಕು. ಕೇಂದ್ರ ಸರಕಾರದ 'ಪಢೋ ಪರ್‌ದೇಶ್' ಯೋಜನೆ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿತ್ತು. 2022-23ರಲ್ಲಿ ಅದು ನಿಂತುಹೋಯಿತು. ಯಾರಾದರೂ ಇನ್ನೂ ಅದರ ಹೆಸರು ಹೇಳಿದರೆ ನಂಬಬೇಡಿ.

ಪದವಿಗೆ ಬಾಗಿಲು ತೆರೆಯದಿದ್ದರೆ ಎಲ್ಲವೂ ಮುಗಿಯಿತೆಂದು ತಿಳಿಯಬೇಕಿಲ್ಲ. ವಿಜ್ಞಾನ, ಎಂಜಿನಿಯರಿಂಗ್ ವಿಷಯಗಳ ಪಿಎಚ್.ಡಿ.ಗೆ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಶುಲ್ಕ ಮನ್ನಾ ಮಾಡಿ, ಪಾಠ ಅಥವಾ ಸಂಶೋಧನೆಯ ಕೆಲಸಕ್ಕೆ ಸಂಭಾವನೆಯನ್ನೂ ಕೊಡುತ್ತವೆ. ಸ್ನಾತಕೋತ್ತರ ಪದವಿಗೆ ಫುಲ್‌ಬ್ರೈಟ್–ನೆಹರೂ ಫೆಲೋಶಿಪ್ ಇದೆ. ನನ್ನ ವಿದ್ಯಾರ್ಥಿನಿ ಈಗ ಆ ದಾರಿಯನ್ನು ನೋಡುತ್ತಿದ್ದಾಳೆ.

ನಿಮ್ಮ ಮನೆಯಲ್ಲಿ ಇಂಥ ಕನಸು ಕಾಣುವ ಮಗುವಿದ್ದರೆ, ಹೋಗು ಎನ್ನುವ ಮೊದಲು, ಬೇಡ ಎನ್ನುವ ಮೊದಲು, ಒಂದು ಸಂಜೆ ಅದರ ಜೊತೆ ಕಾಗದ–ಪೆನ್ನು ಹಿಡಿದು ಕುಳಿತುಕೊಳ್ಳಿ. ಮನೆಯ ಆದಾಯವನ್ನು ಮಗುವಿಗೂ ಹೇಳಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಹಾಸಿಗೆ ಎಷ್ಟು ಉದ್ದವಿದೆ ಎಂದು ಒಮ್ಮೆಯಾದರೂ ಅಳೆದು ನೋಡಬೇಡವೇ?