ಹದಡಿಯ ತಬ್ಬಲಿ ಮರಿಗಳು

ದಾವಣಗೆರೆಯಲ್ಲಿ ಹದಡಿ ರಸ್ತೆಯ ಹೆಸರನ್ನು ಕೇಳದವರಿಲ್ಲ. ಆದರೆ ಆ ರಸ್ತೆಗೆ ಹೆಸರನ್ನು ಕೊಟ್ಟ ಊರನ್ನು ಕಂಡವರು ಅಷ್ಟು ಮಂದಿ ಇರಲಾರರು. ಅಂಗಡಿಗಳ ಸಾಲು ಹಿಂದೆ ಬಿದ್ದ ಮೇಲೆ ದಾರಿಯ ಎರಡು ಮಗ್ಗುಲಿಗೂ ಹೊಲಗದ್ದೆಗಳು ತೆರೆದುಕೊಳ್ಳುವುವು. ಅರ್ಧ ಗಂಟೆಯೊಳಗಾಗಿ ಊರು ಬರುವುದು. ಮೊದಲು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ಸೀಮೆಯು 1997ನೆಯ ಇಸವಿಯಲ್ಲಿ ದಾವಣಗೆರೆಯ ಹೊಸ ಜಿಲ್ಲೆಗೆ ಸೇರಿತು. ನಗರವು ಒಂದು ಕಾಲದಲ್ಲಿ ಹತ್ತಿಯ ಗಿರಣಿಗಳಿಗೆ ಹೆಸರಾಗಿದ್ದಿತು. ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಅಣೆಕಟ್ಟು ಕಟ್ಟಿ, ನಾಲೆಯ ನೀರು ಈ ಕಡೆಗೆ ಹರಿದ ಮೇಲೆ ತಾಲ್ಲೂಕಿನ ಹಳ್ಳಿಗಳಲ್ಲಿ ಭತ್ತವು ದೊಡ್ಡ ಬೆಳೆಯಾಯಿತು.

ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಮೂಟೆಗಳನ್ನು ಅಟ್ಟಕ್ಕೇರಿಸುವ ಮನೆಗಳಲ್ಲಿ ಬೆಕ್ಕನ್ನು ಯಾರೂ ಕೊಂಡು ತಂದು ಸಾಕುವುದಿಲ್ಲ. ಅದು ತಾನಾಗಿ ಬಂದು ಸೇರಿಕೊಳ್ಳುವುದು. ಬೆಳಿಗ್ಗೆ ಒಂದು ಮನೆಯ ಕಟ್ಟೆಯ ಮೇಲೆ, ಮಧ್ಯಾಹ್ನ ಇನ್ನೊಂದು ಮನೆಯ ಬಣವೆಯ ನೆರಳಿನಲ್ಲಿ. ಅದು ಯಾರದೂ ಅಲ್ಲ, ಎಲ್ಲರದೂ ಹೌದು. ಆದುದರಿಂದಲೇ ಅದಕ್ಕೆ ಆಪತ್ತು ಬಂದಾಗ, ಇದು ಯಾರ ಹೊಣೆಯೆಂಬ ಪ್ರಶ್ನೆಯೂ ಹುಟ್ಟುವುದು.

ಮಾರ್ಗಶಿರ ಮಾಸದ ಕೊಯ್ಲಿನ ದಿನಗಳಲ್ಲಿ ನಾವು ಹದಡಿಯ ನಮ್ಮ ಬಂಧುಗಳ ಮನೆಯಲ್ಲಿ ಕೆಲವು ವಾರಗಳನ್ನು ಕಳೆದೆವು. ಒಂದು ಮುಂಜಾನೆ ಆ ಮನೆಗೆ ಬಂದುಹೋಗುತ್ತಿದ್ದ ಬೂದುಬಣ್ಣದ ಬೆಕ್ಕು ರಸ್ತೆಯಲ್ಲಿ ಯಾವುದೋ ವಾಹನಕ್ಕೆ ಸಿಕ್ಕಿ ಸತ್ತು ಬಿದ್ದಿದ್ದಿತು. ಅದರ ಮೊಲೆಗಳು ಹಾಲಿನಿಂದ ಬಿಗಿದಿದ್ದುವು. ಮರಿಗಳನ್ನು ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ಅಟ್ಟದ ಮೂಟೆಗಳ ಸಂದಿನಲ್ಲಿ ನಾಲ್ಕು ಇದ್ದುವು. ಕಣ್ಣು ತೆರೆದಿರಲಿಲ್ಲ, ಹೊಕ್ಕುಳಬಳ್ಳಿಯ ಒಣಗಿದ ತುಂಡು ಇನ್ನೂ ಅಂಟಿಕೊಂಡಿದ್ದಿತು. ಹುಟ್ಟಿ ಎರಡು ಮೂರು ದಿನಗಳಿಗೆ ಮೀರಿರಲಾರದು.

ತಾಯಿಯು ಸತ್ತುದು ಕಣ್ಣಿಗೆ ಕಂಡುದರಿಂದ ಅಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ಹಾಗೆ ಕಾಣದಿದ್ದಾಗ ಮಾತ್ರ ಮರಿಗಳನ್ನು ಕೂಡಲೆ ಎತ್ತಬಾರದು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುವುದೆಂದು ನಮ್ಮ ಹಿರಿಯರು ಹೇಳುವರಷ್ಟೆ. ಒಂದನ್ನು ಒಯ್ದು ಇನ್ನೊಂದಕ್ಕಾಗಿ ಅದು ಹಿಂದಿರುಗುತ್ತಿರಬಹುದು, ಬೇಟೆಗೆ ಹೋಗಿರಬಹುದು. ಮರಿಗಳ ಮೈ ಬೆಚ್ಚಗಿದ್ದು ಅವು ಸುಮ್ಮನೆ ಮಲಗಿದ್ದರೆ ಕೆಲವು ಗಂಟೆಗಳ ಕಾಲ ದೂರದಿಂದ ಕಾದು ನೋಡುವುದು ಲೇಸು. ಊರಿನಲ್ಲಿ ಬೇರೆ ಹಾಲೂಡುವ ಬೆಕ್ಕಿದ್ದು, ಅದು ಅವುಗಳನ್ನು ಸೇರಿಸಿಕೊಂಡರೆ ಅದಕ್ಕಿಂತ ಮೇಲಾದ ಉಪಾಯವಿಲ್ಲ. ಹದಡಿಯಲ್ಲಿ ಆ ವೇಳೆಗೆ ಅಂತಹ ಬೆಕ್ಕು ನಮಗೆ ಸಿಕ್ಕಲಿಲ್ಲ.

ಮನೆಯ ಯಜಮಾನರು ಮೊದಲು ಒಪ್ಪಲಿಲ್ಲ. ಕೊಯ್ಲಿನ ಆಳುಗಳಿಗೆ ಬುತ್ತಿ ಕಟ್ಟುವುದಕ್ಕೇ ಹೆಂಗಸರಿಗೆ ಬಿಡುವಿಲ್ಲ. ನಾಲ್ಕು ಬೆಕ್ಕಿನ ಮರಿಗಳ ಮುಂದೆ ಕುಳಿತಿರುವವರಾರು ಎಂಬುದು ಅವರ ಮಾತು. ಅದು ನ್ಯಾಯವಾದ ಮಾತೇ ಆಗಿದ್ದಿತು. ಅಷ್ಟರಲ್ಲಿ ನೆರೆಮನೆಯವರು ಒಂದು ಬಟ್ಟಲು ಹಸುವಿನ ಹಾಲನ್ನು ತಂದು, “ಹಸಿದಾವೆ, ಒಂದೀಟು ಕುಡಿಸ್ರಿ” ಎಂದರು. ಅಜ್ಜಿಯವರು ಮರಿಯೊಂದರ ಬಾಯಿಗೆ ಬೆರಳಿಟ್ಟು ನೋಡಿ, “ಬಾಯಿ ತಣ್ಣಗೈತೆ. ಮೊದ್ಲು ಮೈ ಬೆಚ್ಚಗಾಗ್ಲಿ ತಾಳವ್ವಾ, ಹಾಲು ಆಮ್ಯಾಕೆ” ಎಂದರು.

ಈ ಒಂದು ಮಾತಿನಲ್ಲಿ ಪಶುವೈದ್ಯರ ಮೊದಲನೆಯ ಪಾಠವೇ ಅಡಗಿದೆ. ಹುಟ್ಟಿದ ಹೊಸತರಲ್ಲಿ ಬೆಕ್ಕಿನ ಮರಿಗೆ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ತಾಯಿಯ ಒಡಲೇ ಅದಕ್ಕೆ ಒಲೆ. ಮೈ ತಣ್ಣಗಾದಾಗ ಕರುಳಿನ ಕೆಲಸ ನಿಲ್ಲುವುದು, ನುಂಗುವ ಬಲವೂ ಕುಗ್ಗುವುದು. ಆಗ ಹಾಲನ್ನು ಹೊಯ್ದರೆ ಅದು ಅರಗದೆ ಹುಳಿಯಬಹುದು, ಇಲ್ಲವೆ ಶ್ವಾಸಕೋಶಕ್ಕೆ ಇಳಿದು ಪ್ರಾಣವನ್ನೇ ತೆಗೆಯಬಹುದು. ಮೊದಲನೆಯ ವಾರದಲ್ಲಿ ಮರಿಗಳ ಗೂಡು ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರಬೇಕು. ಬಿದಿರಿನ ಬುಟ್ಟಿಯೊಂದರಲ್ಲಿ ಹಳೆಯ ನೂಲಿನ ಸೀರೆಯನ್ನು ಮಡಿಸಿ ಹಾಸಿ, ಬಿಸಿನೀರು ತುಂಬಿದ ಸೀಸೆಗೆ ದಪ್ಪ ಬಟ್ಟೆ ಸುತ್ತಿ ಒಂದು ಪಕ್ಕದಲ್ಲಿಟ್ಟೆವು. ಇನ್ನೊಂದು ಪಕ್ಕವನ್ನು ಬರಿದಾಗಿ ಬಿಟ್ಟುದು, ಸೆಕೆಯಾದರೆ ಮರಿಗಳು ಸರಿದು ಹೋಗಲೆಂದು. ಒಲೆಯ ಬಳಿ ಇಡುವುದು ಸಲ್ಲದು. ಮೈಯನ್ನು ಮೆಲ್ಲಮೆಲ್ಲನೆ ಕಾಯಿಸಬೇಕು.

ಎರಡನೆಯ ಪಾಠವು ಹಾಲಿನದು. ಬೆಕ್ಕಿಗೂ ಹಸುವಿನ ಹಾಲಿಗೂ ನಮ್ಮ ಕಥೆಗಳು ಬಿಡದ ನಂಟನ್ನು ಕಲ್ಪಿಸಿವೆ. ಕೃಷ್ಣದೇವರಾಯನು ಬೆಕ್ಕು ಸಾಕಲೆಂದು ಹಸುವನ್ನೇ ಕೊಟ್ಟುದೂ, ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡೊಡನೆ ಓಡಿದುದೂ ಮಕ್ಕಳಿಗೆಲ್ಲ ತಿಳಿದ ಸಂಗತಿ. ಆದರೆ ಎಳೆಯ ಮರಿಗೆ ಹಸುವಿನ ಹಾಲು ತಕ್ಕ ಆಹಾರವಲ್ಲ. ತಾಯಿಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಹಸುವಿನ ಹಾಲಿನ ಸುಮಾರು ಇಮ್ಮಡಿ ಇರುವುದು. ಹಸುವಿನ ಹಾಲನ್ನೇ ಕುಡಿಸಿದರೆ ಮರಿಯು ಬೆಳೆಯದೆ, ಬೇಧಿಯಿಂದ ಸೊರಗುವುದು. ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಈಗ ಪ್ರಾಣಿಗಳ ಔಷಧದ ಅಂಗಡಿಗಳಲ್ಲಿ ಸಿಕ್ಕುವುದು. ಮನೆಯ ಮಗನು ಬೈಕನ್ನೇರಿ ದಾವಣಗೆರೆಗೆ ಹೋಗಿ ಅದನ್ನು ತಂದನು. ಅವನು ಬರುವವರೆಗೆ, ಪಶುವೈದ್ಯರು ದೂರವಾಣಿಯಲ್ಲಿ ಹೇಳಿದಂತೆ, ಮೈ ಬೆಚ್ಚಗಾದ ಮರಿಗಳಿಗೆ ಉಗುರುಬೆಚ್ಚನೆಯ ಗ್ಲೂಕೋಸ್ ನೀರನ್ನು ತೊಟ್ಟುತೊಟ್ಟಾಗಿ ಕೊಟ್ಟೆವು.

ಮೂರನೆಯದು ಅಳತೆ. ಅಡಿಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿದಾಗ ಮೂರು ಮರಿಗಳು 100 ಗ್ರಾಂ ಆಸುಪಾಸಿನಲ್ಲಿದ್ದುವು; ನಾಲ್ಕನೆಯದು 78 ಗ್ರಾಂ ಮಾತ್ರ. 100 ಗ್ರಾಂ ತೂಕದ ಮರಿಯ ಹೊಟ್ಟೆಯು ಒಂದು ಸಲಕ್ಕೆ ಸುಮಾರು 4 ಮಿಲಿಲೀಟರು ಹಾಲನ್ನು ಮಾತ್ರ ಹಿಡಿಯಬಲ್ಲುದು. ಆದುದರಿಂದ ಮೊದಲನೆಯ ವಾರ ಹಗಲೂ ರಾತ್ರಿಯೂ ಎರಡು ಮೂರು ಗಂಟೆಗೊಮ್ಮೆ ಕುಡಿಸಬೇಕು. ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಬಾರದು. ತಾಯಿಯ ಬಳಿ ಇರುವಂತೆಯೇ ಹೊಟ್ಟೆ ಕೆಳಗಾಗಿರಬೇಕು. ಸೂಜಿ ತೆಗೆದ ಸಿರಿಂಜಿನಿಂದ ಹನಿಹನಿಯಾಗಿ ಬಿಡಬೇಕಲ್ಲದೆ ಒತ್ತಿ ಸುರಿಯಬಾರದು. ಪ್ರತಿಸಲವೂ ಕುಡಿಸಿದ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲನೆ ಒರಸಬೇಕು. ತಾಯಿಯು ನಾಲಗೆಯಿಂದ ನೆಕ್ಕಿದ ಹೊರತು ಎಳೆಯ ಮರಿಗೆ ಮಲಮೂತ್ರಗಳು ತಾವಾಗಿ ಹೋಗುವುದಿಲ್ಲವೆಂಬುದು ನಮ್ಮಲ್ಲಿ ಹಲವರಿಗೆ ಹೊಸ ಸಂಗತಿಯಾಗಿ ತೋರಿತು.

ಶ್ರೀವೈಷ್ಣವ ಆಚಾರ್ಯರು ಶರಣಾಗತಿಯನ್ನು ಬೋಧಿಸುವಾಗ ಮರ್ಕಟಕಿಶೋರ, ಮಾರ್ಜಾಲಕಿಶೋರವೆಂಬ ಎರಡು ನ್ಯಾಯಗಳನ್ನು ಹೇಳುವರು. ಕೋತಿಯ ಮರಿಯು ತಾಯಿಯನ್ನು ತಾನೇ ಅಪ್ಪಿ ಹಿಡಿಯುವುದು. ಬೆಕ್ಕಿನ ಮರಿಯು ಏನನ್ನೂ ಮಾಡದು, ತಾಯಿಯೇ ಅದನ್ನು ಕಚ್ಚಿಕೊಂಡು ಒಯ್ಯುವಳು. ಆ ದೃಷ್ಟಾಂತದಲ್ಲಿ ತಾಯಿಯು ಎಂದಿಗೂ ತಪ್ಪಿಹೋಗುವುದಿಲ್ಲ. ಹದಡಿಯ ಆ ಅಡಿಗೆಮನೆಯಲ್ಲಿ ತಪ್ಪಿಹೋದ ತಾಯಿಯ ಕೆಲಸವನ್ನು ಐದಾರು ಮಂದಿ ಹಂಚಿಕೊಳ್ಳಬೇಕಾಯಿತು. ರಾತ್ರಿ ಹತ್ತು ಗಂಟೆಯ ಸರದಿ ಸೊಸೆಯವರದು. ನಡುರಾತ್ರಿ ಮತ್ತು ಎರಡು ಗಂಟೆಯವು ನಮ್ಮವು. ಬೆಳಗಿನ ಜಾವ ನಾಲ್ಕು ಗಂಟೆಗೆ ಗದ್ದೆಯ ಕಡೆಗೆ ಹೊರಡುವ ಯಜಮಾನರು ಮೂರನೆಯ ದಿನ ಯಾರೂ ಕೇಳದೆಯೇ, “ಈ ಹೊತ್ತಿಂದು ನಾನು ನೋಡ್ಕಂತೀನಿ, ನೀವು ಮಲಕ್ಕಳ್ರಿ” ಎಂದು ಸಿರಿಂಜನ್ನು ಕೈಗೆ ತೆಗೆದುಕೊಂಡರು.

ಆರೋಗ್ಯವಾದ ಮರಿಯು ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಮನೆಯ ಮೊಮ್ಮಗಳು ದಿನದಿನದ ತೂಕವನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಿದ್ದಳು. ಮೂರರ ಅಂಕಿಗಳು ಏರುತ್ತ ಹೋದುವು. ಚಿಕ್ಕದರದು 80ಕ್ಕೆ ಬಂದು ನಿಂತಿತು. ಕಣ್ಣಿಗೆ ಅದು ಚೆನ್ನಾಗಿಯೇ ಕಾಣುತ್ತಿದ್ದಿತು. ತಕ್ಕಡಿಯು ಮಾತ್ರ ಮೊದಲೇ ಹೇಳಿಬಿಟ್ಟಿತು. ಪಶುವೈದ್ಯರಿಗೆ ತೋರಿಸಿ, ಅವರು ಹೇಳಿದುದೆಲ್ಲವನ್ನೂ ಮಾಡಿದರೂ ಐದನೆಯ ರಾತ್ರಿ ಅದು ಅಜ್ಜಿಯವರ ಸೆರಗಿನಲ್ಲೇ ಪ್ರಾಣ ಬಿಟ್ಟಿತು. ಎಷ್ಟು ಜೋಪಾನ ಮಾಡಿದರೂ ತಬ್ಬಲಿ ಮರಿಗಳಲ್ಲಿ ಕೆಲವು ಹೀಗೆ ಹೋಗುವುದುಂಟು. ಹಿತ್ತಲಿನ ನುಗ್ಗೆಯ ಮರದ ಬುಡದಲ್ಲಿ ಅದನ್ನು ಹೂಳಿದರು. ಹುಡುಗಿಯು ಅಂದಿನ ಅಂಕಣವನ್ನು ಖಾಲಿ ಬಿಟ್ಟು, ಉಳಿದ ಮೂರರ ತೂಕವನ್ನು ಬರೆದಳು. ಹಾಲು ಕುಡಿಸುವ ಹೊತ್ತಾಗಿದ್ದಿತು. ಅಳುತ್ತಲೇ ನೀರು ಕಾಯಿಸಲು ಎದ್ದಳು.

ಹತ್ತನೆಯ ದಿನದ ವೇಳೆಗೆ ಉಳಿದ ಮೂರೂ ಕಣ್ಣು ತೆರೆದುವು. ಮೂರನೆಯ ವಾರದಲ್ಲಿ ತಡವರಿಸುತ್ತ ನಡೆದುವು. ಮರಳು ತುಂಬಿದ ತಟ್ಟೆಯನ್ನು ತೋರಿಸಿದೊಡನೆ ಅದರ ಉಪಯೋಗವನ್ನು ಬಲುಬೇಗ ಕಲಿತುವು. ನಾಲ್ಕನೆಯ ವಾರದಲ್ಲಿ ಹಾಲಿನೊಡನೆ ಮೆತ್ತನೆಯ ಆಹಾರವನ್ನು ರೂಢಿ ಮಾಡಿಸಬೇಕು. ಅಲ್ಲಿ ಶಾಕಾಹಾರದ ಆ ಮನೆಗೆ ಒಂದು ಸಂಕಟವೆದುರಾಯಿತು. ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಟಾರಿನ್ ಎಂಬ ಪೋಷಕವಸ್ತುವು ಸಾಲದೆ ಹೋದರೆ ಅದರ ಕಣ್ಣೂ ಹೃದಯವೂ ಕೆಡುವುವು. ಹಾಲು ಅನ್ನ, ಮೊಸರನ್ನಗಳಿಂದ ಅದು ದೊರೆಯದು. ಅಜ್ಜಿಯವರೇ ಇದನ್ನು ತೀರ್ಮಾನಿಸಿದರು: ನಮ್ಮ ನೇಮ ನಮಗೆ, ಅದರ ಜೀವ ಅದಕ್ಕೆ; ಮರಿಗಳಿಗೆಂದು ಮಾರುವ ಆಹಾರವನ್ನು ತಂದು ಅಡಿಗೆಮನೆಯ ಹೊರಗೆ ಜಗಲಿಯ ಮೇಲೆ ಇಡತಕ್ಕದ್ದು.

ಎಂಟನೆಯ ವಾರದಲ್ಲಿ ಮೂರಕ್ಕೂ ಜಂತುಹುಳುವಿನ ಔಷಧವೂ ಮೊದಲನೆಯ ಲಸಿಕೆಯೂ ಆಗಿದ್ದುವೆಂದು ಹದಡಿಯಿಂದ ನಮಗೆ ತಿಳಿಸಿದರು. ಒಂದು ಅಟ್ಟದ ಮನೆಯಲ್ಲೇ ಉಳಿಯಿತು. ಎರಡು ನೆರೆಯವರ ಪಾಲಾದುವು. ಕೊಟ್ಟ ಮನೆಗಳಿಂದ ಅಜ್ಜಿಯವರು ಎರಡು ಮಾತನ್ನು ಪಡೆದರಂತೆ: ಮೂಟೆಗಳ ನಡುವೆ ಇಲಿಪಾಷಾಣವನ್ನು ಇಡಕೂಡದು, ಏಕೆಂದರೆ ಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು, ಆರು ತಿಂಗಳು ತುಂಬುವುದರೊಳಗೆ ಸಂತಾನಹರಣ ಚಿಕಿತ್ಸೆಯನ್ನು ಮಾಡಿಸತಕ್ಕದ್ದು, ಏಕೆಂದರೆ ಅಟ್ಟದಲ್ಲಿ ಮತ್ತೆ ಮತ್ತೆ ಮರಿಗಳು ಹುಟ್ಟಿ ತಬ್ಬಲಿಯಾಗುವುದು ತಪ್ಪಬೇಕು.

ನಮ್ಮ ವಾಚಕರ ಮನೆಗಳಲ್ಲಿಯೂ ಎಂದಾದರೊಂದು ದಿನ ಇಂತಹ ಕೂಗು ಕೇಳಿಬರಬಹುದು. ಆಗ ಮರುಕ ಹುಟ್ಟುವುದು ಸಹಜ. ಹಾಲಿನ ಬಟ್ಟಲಿಗೆ ಕೈ ಹೋಗುವುದೂ ಸಹಜ. ಆ ಕೈಯನ್ನು ಒಂದು ಕ್ಷಣ ತಡೆದು, ಮೊದಲು ಬಿಸಿನೀರಿನ ಸೀಸೆಯನ್ನೂ ಆಮೇಲೆ ತಕ್ಕಡಿಯನ್ನೂ ಹುಡುಕಬೇಕು. ದಯೆಗೆ ಅಳತೆಯೂ ಜೊತೆಯಾದರೆ ನಾಲ್ಕರಲ್ಲಿ ಮೂರಾದರೂ ಉಳಿಯಬಹುದು.