ಭೀಮನೊಡನೆ ಮುಧೋಳಕ್ಕೆ

ಕಳೆದ ಮಾಘಮಾಸದಲ್ಲಿ, ಭರತ ಹುಣ್ಣಿಮೆಗೆ ಎರಡು ದಿನ ಉಳಿದಿರಲು, ಇನ್ನೂ ಬೆಳಕು ಹರಿಯುವ ಮೊದಲೇ ನಾವು ಧಾರವಾಡದಿಂದ ಮುಧೋಳಕ್ಕೆ ಹೊರಟೆವು. ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ಕಾರನ್ನು ತಂದಿದ್ದನು. ಮುಂದಿನ ಆಸನದಲ್ಲಿ ನಾವು. ಹಿಂದಿನ ಆಸನವನ್ನೆಲ್ಲ ಆಕ್ರಮಿಸಿಕೊಂಡು ಭೀಮ. ಮುಧೋಳವು ರನ್ನನು ಹುಟ್ಟಿದ ಊರಾದ್ದರಿಂದ, ಸಂಸ್ಕೃತ ಕನ್ನಡಗಳನ್ನು ಪಾಠ ಹೇಳಿ ನಿವೃತ್ತನಾದ ಮಾಸ್ತರನು ಕವಿಯ ಜನ್ಮಭೂಮಿಯ ದರ್ಶನಕ್ಕೆ ಹೊರಟನೆಂದು ವಾಚಕರು ಊಹಿಸಿದರೆ ತಪ್ಪೇನಿಲ್ಲ. ಆದರೆ ಅಂದಿನ ನಮ್ಮ ಉದ್ದೇಶವು ಅಷ್ಟು ಉದಾತ್ತವಾದುದಾಗಿರಲಿಲ್ಲ. ಭೀಮನು ನಮ್ಮ ನಾಯಿ. ಅವನನ್ನು ಅವನು ಹುಟ್ಟಿದ ಮನೆಗೆ ಮರಳಿ ಒಪ್ಪಿಸಿ ಬರುವುದಕ್ಕಾಗಿ ನಾವು ಹೊರಟಿದ್ದೆವು.

ನಮ್ಮ ಮಗನು ಮೂರು ವರ್ಷಗಳ ಹಿಂದೆ ಮುಧೋಳದ ಸೀಮೆಯಿಂದ ಈ ಮರಿಯನ್ನು ತಂದನು. ಮರುವರ್ಷ ಅವನಿಗೆ ಪುಣೆಯಲ್ಲಿ ಉದ್ಯೋಗವಾಯಿತು. ಅಲ್ಲಿಯ ಬಾಡಿಗೆಯ ಮನೆಯಲ್ಲಿ ನಾಯಿಗೆ ಅವಕಾಶವಿಲ್ಲ. ಹೀಗೆ ಭೀಮನು ನಮ್ಮ ಪಾಲಿಗೆ ಬಂದನು. ಪಾಣಿನಿಯು ನಾಯಿಯನ್ನೂ ಯುವಕನನ್ನೂ ದೇವೇಂದ್ರನನ್ನೂ ಒಂದೇ ಸೂತ್ರದಲ್ಲಿ ಕಟ್ಟಿಹಾಕಿದ್ದಾನೆ. ಆ ಸೂತ್ರವನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ ನಾವು ನಿಜವಾದ ನಾಯಿಯೊಂದನ್ನು ಹಗ್ಗದಲ್ಲಿ ಹಿಡಿದು ನಡೆಯಿಸುವುದನ್ನು ಅರುವತ್ತನೆಯ ವಯಸ್ಸಿನಲ್ಲಿ ಕಲಿಯಬೇಕಾಯಿತು; ಚೆನ್ನಾಗಿ ಕಲಿಯಲೂ ಇಲ್ಲ.

ನಮ್ಮ ಓಣಿಯಲ್ಲಿ ನಾಲ್ಕು ಮನೆ ಆಚೆಗೆ ವೃದ್ಧೆಯೊಬ್ಬರು ಒಂಟಿಯಾಗಿದ್ದಾರೆ. ಅವರ ಬಳಿ ಸೋನು ಎಂಬ ಬಿಳಿಯ ಪಮೇರಿಯನ್ ನಾಯಿಯಿದೆ. ಅದರ ತೂಕ ನಾಲ್ಕು ಕಿಲೋ ಇದ್ದೀತು, ಭೀಮನದು ಇಪ್ಪತ್ತಾರು. ಆದರೆ ಶೌರ್ಯವನ್ನು ತೂಕದಿಂದ ಅಳೆಯಲಾಗದು. ಭೀಮನು ಹಾದುಹೋಗುವಾಗಲೆಲ್ಲ ಸೋನು ಗೇಟಿನ ಕೆಳಗಿನ ಸಂದಿಯಿಂದ ಮೂತಿಯನ್ನು ಹೊರಚಾಚಿ ಒಂದು ಬೀದಿಗಾಗುವಷ್ಟು ಬೊಗಳುತ್ತಿದ್ದನು. ಒಂದು ವರ್ಷದವರೆಗೆ ಭೀಮನು ಅದನ್ನು ಕೇಳಿಯೂ ಕೇಳದಂತೆ ನಡೆದನು. ಕಾರ್ತಿಕದ ಒಂದು ಬೆಳಗ್ಗೆ ಸೋನು ಸಂದಿಯಿಂದ ನುಸುಳಿ ಹೊರಬಂದು ಭೀಮನ ಹಿಂಗಾಲನ್ನು ಕಚ್ಚಿದನು. ಭೀಮನು ತಿರುಗಿದನು. ಆಮೇಲೆ ನಡೆದುದಕ್ಕೆ ಹತ್ತು ಕ್ಷಣವೂ ಹಿಡಿಯಲಿಲ್ಲ. ಸೋನುವಿನ ಬೆನ್ನಿಗೆ ಆರು ಹೊಲಿಗೆ ಬಿದ್ದವು. ಬಿಡಿಸಲು ನಡುವೆ ಕೈ ಹಾಕಿದ ನಮಗೂ ಹಲ್ಲು ತಾಗಿತು. ಯಾರ ಹಲ್ಲೋ ತಿಳಿಯದು. ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದುಕೊಂಡು ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡು ಬಂದೆವು. ಕಾದುವ ನಾಯಿಗಳ ನಡುವೆ ಕೈ ಹಾಕಬಾರದು. ಒಂದು ಬಕೆಟ್ಟು ನೀರು ಸುರಿಯಬೇಕು. ಇದು ನಮಗೆ ಆಮೇಲೆ ತಿಳಿಯಿತು.

ಮೊದಲು ಕಚ್ಚಿದವರು ಯಾರೆಂಬುದನ್ನು ಓಣಿಯಲ್ಲಿ ಯಾರೂ ಕೇಳಲಿಲ್ಲ. ದೊಡ್ಡದು ಸಣ್ಣದನ್ನು ಹಿಡಿದು ಜಾಡಿಸಿದ್ದನ್ನು ಎಲ್ಲರೂ ಕಂಡಿದ್ದರು. ಅಂದಿನಿಂದ ನಾವು ಹಗ್ಗವನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡು ನಡೆಯತೊಡಗಿದೆವು. ಸಣ್ಣ ನಾಯಿ ದೂರದಲ್ಲಿ ಕಂಡರೆ ಸಾಕು, ಹಗ್ಗವನ್ನು ಜಗ್ಗಿ "ಭೀಮಾ!" ಎಂದು ಗದರುವೆವು. ಇದರಿಂದಾದ ಫಲ ವಿಪರೀತವಾಯಿತು. ಮೊದಲು ಸೋನುವನ್ನೊಬ್ಬನನ್ನೇ ದ್ವೇಷಿಸುತ್ತಿದ್ದ ಭೀಮನು ಎರಡು ತಿಂಗಳಲ್ಲಿ ಯಾವ ಸಣ್ಣ ನಾಯಿಯನ್ನು ಕಂಡರೂ ಹಿಂಗಾಲ ಮೇಲೆ ನಿಲ್ಲುವಂತಾದನು. ಪುಷ್ಯದಲ್ಲಿ ಒಂದು ದಿನ ಅವನು ನಮ್ಮನ್ನು ಸೋನುವಿನ ಗೇಟಿನವರೆಗೂ ಎಳೆದೊಯ್ದು ಕೆಡವಿದನು. ಅಂದು ಸಂಜೆ ಆ ವೃದ್ಧೆ ನಮ್ಮ ಮನೆಗೆ ಬಂದರು. ಜಗಳಕ್ಕೆ ಬಂದಿರಲಿಲ್ಲ. "ಮಾಸ್ತರ, ನನಗ ಮನ್ಯಾಗ ಇದೊಂದ ಜೀವ ಅದ. ನೀವ ಒಂದು ದಾರಿ ನೋಡ್ರಿ" ಎಂದಷ್ಟೇ ಹೇಳಿ, ಕೊಟ್ಟ ಚಹವನ್ನೂ ಕುಡಿಯದೆ ಎದ್ದುಹೋದರು. ಬೈದಿದ್ದರೆ ನಮಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಸ್ತು. ಅಮ್ಮಿನಭಾವಿ, ಹಾರೋಬೆಳವಡಿ, ಇನಾಂಹೊಂಗಲಗಳನ್ನು ದಾಟುವಷ್ಟರಲ್ಲಿ ಹೊತ್ತು ಏರಿತ್ತು. ಎರಡೂ ಕಡೆಗೆ ಎರೆಯ ಭೂಮಿ. ತೆನೆ ತೂಗುವ ಬಿಳಿಜೋಳ, ಕೀಳಲು ಬಂದ ಕಡಲೆ, ಅಂಚಿಗೆ ಮುಳ್ಳಿನ ಬೇಲಿಯಂತೆ ಕುಸುಬೆಯ ಸಾಲು. ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೋಗುವ ಚಕ್ಕಡಿಗಳು ಸಾಲುಗಟ್ಟಿದ್ದವು. ಎತ್ತುಗಳ ಕೊರಳ ಗಂಟೆ, ಬಂಡಿಯೊಳಗೆ ಹೆಂಗಸರು ಮಕ್ಕಳು, ಅಚ್ಚಿನ ಕೆಳಗೆ ನೆರಳಿಗೆ ನೆರಳಾಗಿ ನಡೆಯುವ ಊರ ನಾಯಿ. ಸವದತ್ತಿಯಲ್ಲಿ ಚಹಕ್ಕೆಂದು ನಿಂತಾಗ ಅಂಥದೊಂದು ಗಿಡ್ಡ ನಾಯಿಯು ಬಂಡಿಯ ಕೆಳಗಿನಿಂದ ಭೀಮನನ್ನು ಕಂಡು ಕೂಗತೊಡಗಿತು. ನಾವು ಹಗ್ಗವನ್ನು ಬಿಗಿದೆವು, ಭೀಮನು ನೆಗೆದನು. ನಮ್ಮ ಶಿಷ್ಯನು ಮಾತಾಡದೆ ಅವನನ್ನು ಕಾರಿನ ಆಚೆಯ ಮಗ್ಗುಲಿಗೆ ಕರೆದೊಯ್ದು ನಿಲ್ಲಿಸಿಕೊಂಡನು. ಬೊಗಳು ಕೇಳುತ್ತಲೇ ಇತ್ತು. ಆದರೆ ಬೊಗಳುವುದು ಕಾಣದಾದೊಡನೆ ಭೀಮನು ನೆಲವನ್ನು ಮೂಸಲಾರಂಭಿಸಿದನು. ಇದನ್ನು ನೋಡಿದೆವು, ಇದರ ಅರ್ಥ ಆಗ ಹೊಳೆಯಲಿಲ್ಲ.

ಯರಗಟ್ಟಿಯನ್ನು ಬಿಟ್ಟು ಲೋಕಾಪುರದ ಕಡೆಗೆ ಸಾಗಿದಂತೆ ಜೋಳ ಹಿಂದಾಗಿ ಕಬ್ಬು ಮುಂದಾಗುತ್ತದೆ. ಜೋಡಿ ಡಬ್ಬಿಗಳ ಟ್ರ್ಯಾಕ್ಟರುಗಳು ಕಬ್ಬಿನ ಗುಡ್ಡಗಳನ್ನು ಹೊತ್ತು ಸಕ್ಕರೆ ಕಾರಖಾನೆಗಳ ಕಡೆಗೆ ತೆವಳುತ್ತಿದ್ದವು. ಘಟಪ್ರಭೆಯ ನೀರಿನ ಮಹಿಮೆ ಇದು. ಮುಧೋಳವು 1948ರವರೆಗೆ ಘೋರ್ಪಡೆ ಮನೆತನದವರ ಪುಟ್ಟ ಸಂಸ್ಥಾನವಾಗಿತ್ತು. ಬೇಟೆಗೆ ಬಳಸುತ್ತಿದ್ದ ಈ ನಾಯಿಯ ತಳಿಯನ್ನು ಪೋಷಿಸಿದ ಕೀರ್ತಿಯೂ ಅವರದೇ. ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದು ಇಲ್ಲಿ ಎಲ್ಲರೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆಯು ಮುಧೋಳ ನಾಯಿಯ ಚಿತ್ರದ ಚೀಟಿಯನ್ನು ಹೊರಡಿಸಿತು; 2016ರಲ್ಲಿ ಭಾರತೀಯ ಸೇನೆಯು ಇಲ್ಲಿಂದ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಕೊಂಡೊಯ್ದಿತು. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನಾ ಕೇಂದ್ರವಿದೆ. ಆದರೂ ಈ ನಾಯಿ ಬೆಳೆಯುವುದು ಮುಖ್ಯವಾಗಿ ಸುತ್ತಲಿನ ಹಳ್ಳಿಗಳ ರೈತರ, ಕುರುಬರ ಅಂಗಳಗಳಲ್ಲಿಯೇ.

ಅಂಥ ಒಂದು ಅಂಗಳದಲ್ಲಿ ನಾವು ಇಳಿದಾಗ ಮಧ್ಯಾಹ್ನವಾಗುತ್ತ ಬಂದಿತ್ತು. ಬೇವಿನ ನೆರಳಿನಲ್ಲಿ ಐದು ಮುಧೋಳ ನಾಯಿಗಳು ಬಿಲ್ಲುಗಳನ್ನು ಬಿಚ್ಚಿಟ್ಟಂತೆ ಮಲಗಿದ್ದವು. ಅವುಗಳ ನಡುವೆ ಒಂದು ಕಂದು ಬಣ್ಣದ ಗಿಡ್ಡ ನಾಯಿಯು ಯಜಮಾನಿಕೆ ನಡೆಸುತ್ತ, ಒಂದೊಂದರ ಮುಖದೆದುರಿಗೂ ಹೋಗಿ ಬೊಗಳಿ ಬರುತ್ತಿತ್ತು. ಅವು ಕಣ್ಣು ಮುಚ್ಚಿ ಮುಖವನ್ನು ಆಚೆ ತಿರುಗಿಸುತ್ತಿದ್ದವು. ಭೀಮನನ್ನು ಕಾರಿನಲ್ಲಿಯೇ ಬಿಟ್ಟು ನಾವು ಮನೆಯ ಹಿರಿಯನಿಗೆ ನಮ್ಮ ಕಥೆಯನ್ನೆಲ್ಲ ಹೇಳಿದೆವು.

"ಬಿಟ್ಟ ಹೋಗ್ರಿ ಮಾಸ್ತರ್ರ, ಬ್ಯಾಡ ಅನ್ನೂದಿಲ್ಲ. ನಮ್ಮ ಮನೀ ಮಗಾನ ಅದು. ಆದರ ಮೊದಲ ಒಂದಿಷ್ಟ ನೀವು ಇದನ್ನ ಹೆಂಗ ನಡಸತೀರಿ ತೋರಸ್ರಿ" ಎಂದನು ಮುದುಕನು.

ನಾವು ಎಂದಿನಂತೆ ಹಗ್ಗವನ್ನು ಮುಂಗೈಗೆ ಸುತ್ತಿ ಭೀಮನನ್ನು ಇಳಿಸಿದೆವು. ಗಿಡ್ಡ ನಾಯಿ ಓಡಿಬಂದಿತು. ಆಮೇಲೆ ನಡೆದುದನ್ನು ವರ್ಣಿಸಬೇಕಾಗಿಲ್ಲ. ಮುದುಕನ ಸೊಸೆಯು ಗಿಡ್ಡ ನಾಯಿಯನ್ನು ಕರೆದು ದಾವಣಿಯ ಹತ್ತಿರ ಕಟ್ಟಿದಳು. "ಅಜ್ಜಾರ, ನಾಯಿಗಿಂತ ಮೊದಲ ನೀವ ಗಿಡ್ಡನ್ನ ನೋಡಿದ್ರಿ. ನಿಮ್ಮ ಕೈ ಗಟ್ಟಿ ಆತು, ಆಮ್ಯಾಲ ಅದಕ ಸಿಟ್ಟ ಬಂತು" ಎಂದಳು ಆಕೆ. ಮೂವತ್ತು ವರ್ಷ ವಿದ್ಯಾರ್ಥಿಗಳ ತಪ್ಪನ್ನು ತಿದ್ದಿದ ನಮಗೆ ನಮ್ಮ ತಪ್ಪನ್ನು ಇಷ್ಟು ಸಣ್ಣ ಮಾತಿನಲ್ಲಿ ಯಾರೂ ತೋರಿಸಿರಲಿಲ್ಲ.

ಮುದುಕನು ಭೀಮನ ಹಗ್ಗವನ್ನು ಬೆರಳುಗಳ ನಡುವೆ ಸಡಿಲವಾಗಿ ಹಿಡಿದು ನಡೆಯತೊಡಗಿದನು. ಮೂವತ್ತು ಹೆಜ್ಜೆಯಷ್ಟು ದೂರದಲ್ಲಿ ಭೀಮನು ಗಿಡ್ಡ ನಾಯಿಯನ್ನು ನೋಡಿದನು. ಬಾಯಿ ತೆರೆದೇ ಇತ್ತು, ನಾಲಗೆ ಜೋತಿತ್ತು. ಮುದುಕನು ಭಕ್ಕರಿಯ ತುಣುಕನ್ನು ಕೊಟ್ಟನು. ಇಪ್ಪತ್ತು ಹೆಜ್ಜೆಗೆ ಬಂದಾಗ ಬಾಯಿ ತಟ್ಟನೆ ಮುಚ್ಚಿತು, ಕಿವಿಗಳು ನಿಮಿರಿದವು, ಬಾಲ ಅಲುಗದಾಯಿತು, ಮೈಯ ಭಾರವೆಲ್ಲ ಮುಂಗಾಲಿಗೆ ಬಂದಿತು. "ಇಕಾ, ಇಲ್ಲಿ. ಬಾಯಿ ಮುಚ್ಚಿತಂದ್ರ ಹೊಳ್ಳಿ ಬಿಡಬೇಕು. ಬೊಗಳಿದ ಮ್ಯಾಲ ಕಲಸಾಕ ಏನೂ ಉಳಿಯೂದಿಲ್ಲ" ಎನ್ನುತ್ತ ಅವನು ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ತಿರುಗಿದನು, ಭೀಮನೂ ತಿರುಗಿದನು. ನಾಯಿಗಳು ಎದುರುಬದುರಾಗಿ ನೆಟ್ಟಗೆ ನಡೆದುಬರುವುದನ್ನು ಅವಮಾನವೆಂದು ತಿಳಿಯುತ್ತವಂತೆ. ಸುತ್ತಿ ಬರುವುದೇ ಅವುಗಳ ಮರ್ಯಾದೆ. ಇನ್ನೊಂದು ಮಾತು: ಇದು ವಾಸನೆಯಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ಜಾತಿ. ಸಣ್ಣಗೆ, ಬೆಳ್ಳಗೆ, ಓಡುತ್ತ ಕಂಡದ್ದು ಅದರ ಕಣ್ಣಿಗೆ ಮೊದಲು ಮೊಲ, ಆಮೇಲೆ ನಾಯಿ. ಆದ್ದರಿಂದ ಕಣ್ಣಿಗೆ ಮರೆ ಮಾಡಿದರೆ ಅರ್ಧ ಜಗಳ ಮುಗಿಯಿತು. ಸವದತ್ತಿಯ ಕಾರಿನ ಅರ್ಥ ಆಗ ನಮಗೆ ಹೊಳೆಯಿತು.

ಗುರುಗುಟ್ಟಿದಾಗ ಹೊಡೆಯುವುದಿಲ್ಲವೇ ಎಂದು ಕೇಳಿದೆವು. ಹೊಡೆದರೆ ಗುರುಗುಟ್ಟುವುದನ್ನು ಬಿಡುತ್ತದೆ, ಕಚ್ಚುವುದನ್ನಲ್ಲ. ಮುನ್ಸೂಚನೆ ಕೊಡದೆ ಕಚ್ಚುವ ನಾಯಿ ಬೇಕೇ ಎಂದು ಅವನು ಮರುಪ್ರಶ್ನೆ ಹಾಕಿದನು. "ಆ ಸಣ್ಣದರ ಜೋಡಿ ಇದಕ ದೋಸ್ತಿ ಆಗಬೇಕಂತ ಏನೈತ್ರಿ? ದಾಟಿ ಹೋದರ ಸಾಕಲ್ಲ" ಎಂದೂ ಹೇಳಿದನು.

ನಾಯಿಯನ್ನು ಬಿಡುವುದೋ ಒಯ್ಯುವುದೋ ತೀರ್ಮಾನವಾಗದೆ ನಾವು ಬಿಸಿಲಿಳಿಯುವವರೆಗೆ ಬೇವಿನ ಕೆಳಗೆ ಕುಳಿತೆವು. ರನ್ನನ ಊರಿನ ಸೀಮೆಯಲ್ಲಿ ಕುಳಿತು ಗದಾಯುದ್ಧವನ್ನು ನೆನೆಯದಿರಲು ಸಾಧ್ಯವೇ? ಭೀಷ್ಮರ ಬುದ್ಧಿವಾದದಂತೆ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿ ಒಂದು ದಿನ ಕಳೆಯಬೇಕಾಗಿತ್ತು. ದಡದಲ್ಲಿ ನಿಂತ ಭೀಮನ ಮೂದಲೆಯನ್ನು ಕೇಳಿ ಅವನು ನೀರಿನೊಳಗಿದ್ದೂ ಬೆವರಿದನೆಂದು ಕವಿಯು ಹೇಳುತ್ತಾನೆ. ಆ ಪದ್ಯವನ್ನು ನಾವು ಎಷ್ಟು ತರಗತಿಗಳಲ್ಲಿ ರೌದ್ರರಸಕ್ಕೆ ನಿದರ್ಶನವಾಗಿ ಹೇಳಿದೆವೋ ಲೆಕ್ಕವಿಲ್ಲ. ಯಾರಾದರೂ ಆ ಕುರುರಾಯನನ್ನು ದಡದಿಂದ ಮೂವತ್ತು ಹೆಜ್ಜೆ ಆಚೆಗೆ ಕರೆದೊಯ್ದಿದ್ದರೆ ಎಂಬ ಯೋಚನೆ ಬಂದು ನಮಗೆ ನಗೆ ತಡೆಯಲಿಲ್ಲ. ಕಥೆಯಲ್ಲಿ ಮೂದಲಿಸುವವನು ಭೀಮ, ನಮ್ಮ ಓಣಿಯಲ್ಲಿ ಮೂದಲೆಗೆ ಗುರಿಯಾದವನು ಭೀಮ. ಹೆಸರಿಟ್ಟ ಮಗನಿಗೆ ಇದನ್ನು ಬರೆಯಬೇಕು ಎಂದುಕೊಂಡೆವು.

ಹಸಿವಾಗಿ ಬುತ್ತಿಯನ್ನು ಬಿಚ್ಚಿದೆವು. ನಮಗೂ ಶಿಷ್ಯನಿಗೂ ಎರಡು ಹೊತ್ತಿಗಾಗುವಷ್ಟು ಭಕ್ಕರಿ, ಪಲ್ಯ, ಶೇಂಗಾ ಚಟ್ನಿ ಇದ್ದವು. ಕೆಳಗಿನ ಡಬ್ಬಿಯಲ್ಲಿ ಬೇರೆಯಾಗಿ ಕಟ್ಟಿದ ಆರು ಭಕ್ಕರಿಗಳು. ಅವು ಭೀಮನವು: ಮೂರು ಮಧ್ಯಾಹ್ನಕ್ಕೆ, ಮೂರು ರಾತ್ರಿಗೆ. ಹೊರಡುವಾಗ ನಮ್ಮ ಮನೆಯವರು ಏನೂ ಮಾತಾಡಿರಲಿಲ್ಲ. ರಾತ್ರಿಯ ಮೂರನ್ನು ಅವನು ಎಲ್ಲಿ ತಿನ್ನಬೇಕೆಂದು ಅವರು ಎಣಿಸಿದ್ದರೆಂಬುದನ್ನು ತಿಳಿಯಲು ವ್ಯಾಖ್ಯಾನ ಬೇಕಾಗಿರಲಿಲ್ಲ. ನಾವು ಮುದುಕನಿಗೆ ಕೈಮುಗಿದು ಭೀಮನನ್ನು ಹತ್ತಿಸಿಕೊಂಡು ಧಾರವಾಡಕ್ಕೆ ಮರಳಿದೆವು.

ಮರುದಿನವೇ ಆ ವೃದ್ಧೆಯ ಮನೆಗೆ ಹೋಗಿ, ಎರಡು ತಿಂಗಳ ಅವಧಿಯನ್ನು ಬೇಡಿ, ಗೇಟಿನ ಕೆಳಗಿನ ಸಂದಿಗೆ ತಗಡನ್ನು ಹೊಡೆಯಿಸಿಕೊಟ್ಟೆವು. ವೇಳೆಯನ್ನು ಹಂಚಿಕೊಂಡೆವು: ಬೆಳಗಿನ ಐದೂವರೆ ನಮ್ಮದು, ಏಳು ಅವರದು. ಮುಧೋಳ ನಾಯಿಯ ತಲೆ ಕಿರಿದು, ಕೊರಳು ಉದ್ದ. ಹಿಂದಕ್ಕೆ ಜಗ್ಗಿದರೆ ಸಾಧಾರಣ ಪಟ್ಟಿಯಿಂದ ನುಣುಚಿಕೊಂಡುಬಿಡುತ್ತದೆ. ಆದ್ದರಿಂದ ಅಗಲವಾದ ಕೊರಳಪಟ್ಟಿಯ ಜೊತೆಗೆ ಎದೆಗೂ ಪಟ್ಟಿ ಹಾಕಿದೆವು. ಪಶುವೈದ್ಯರ ಸಲಹೆಯಂತೆ, ಎತ್ತಿಗೆ ಕಟ್ಟುವ ಕುಕ್ಕೆಯಂಥದೊಂದು ಬಾಯಿಕುಕ್ಕೆಯನ್ನು ಮನೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿಮಾಡಿಸಿ ಮೊದಲ ತಿಂಗಳು ಹಾಕಿದೆವು. ಅದರೊಳಗೆ ನಾಯಿಯು ಬಾಯಿ ತೆರೆದು ಉಸಿರಾಡಲು ಅನುಕೂಲವಿರಬೇಕು. ತಿನಿಸಿಗೆ ಬೇಯಿಸಿದ ಮೊಟ್ಟೆಯ ಚೂರು ಎಲ್ಲಕ್ಕಿಂತ ಉಪಯುಕ್ತವೆಂದು ತಿಳಿಯಿತು. ನಮ್ಮ ಅಡಿಗೆಮನೆಗೆ ಮೊಟ್ಟೆ ಬಂದುದಿಲ್ಲವಾದ್ದರಿಂದ ಹಿತ್ತಲಿನಲ್ಲಿ ಒಂದು ಹಳೆಯ ಒಲೆ ಮತ್ತೆ ಉರಿಯತೊಡಗಿತು.

ಎಲ್ಲಕ್ಕಿಂತ ಕಷ್ಟವಾದುದು ನಮ್ಮ ಕೈಯನ್ನು ಸಡಿಲಿಸುವುದು. ಸಣ್ಣ ನಾಯಿ ಕಂಡೊಡನೆ ಬೆರಳುಗಳು ತಾವಾಗಿ ಮುಷ್ಟಿಯಾಗುತ್ತಿದ್ದವು, ಉಸಿರು ನಿಲ್ಲುತ್ತಿತ್ತು. ಕೊನೆಗೆ, ಅಂಥ ಸಮಯದಲ್ಲಿ ಶಬ್ದರೂಪಗಳನ್ನು ಮೆಲ್ಲಗೆ ಹೇಳಿಕೊಳ್ಳುವ ಉಪಾಯ ಮಾಡಿದೆವು. ಬಾಯಿ ರಾಮಶಬ್ದವನ್ನು ನಡೆಸುತ್ತಿರುವಾಗ ಕೈ ಬಿಗಿಯುವುದಿಲ್ಲ. ಹಾಜರಿ ಪುಸ್ತಕದ ಅಭ್ಯಾಸ ಬಿಡದ್ದರಿಂದ ಇದಕ್ಕೂ ಒಂದು ವಹಿಯನ್ನಿಟ್ಟೆವು. ನಲವತ್ತು ದಿನಗಳಲ್ಲಿ ಮೂವತ್ತೊಂದು ದಿನ ಭೀಮನು ಬೊಗಳದೆ ಮರಳಿದನು. ಒಂಬತ್ತು ದಿನ ಬೊಗಳಿದನು. ಆ ಒಂಬತ್ತರಲ್ಲಿ ಆರು ದಿನಗಳ ಎದುರಿಗೆ "ನಮ್ಮ ಅವಸರ" ಎಂದು ನಮ್ಮದೇ ಅಕ್ಷರದಲ್ಲಿದೆ.

ಚೈತ್ರದಲ್ಲಿ ಒಂದು ಬೆಳಗ್ಗೆ ಹಾಲಿನವನು ಆ ಗೇಟನ್ನು ಹಾಕಲು ಮರೆತನು. ಸೋನು ಬಾಣದಂತೆ ಹೊರಬಂದನು. ಭೀಮನ ಬಾಯಿ ಮುಚ್ಚಿತು. ನಾವು ಹಗ್ಗವನ್ನು ಬಿಗಿಯಲಿಲ್ಲ ಎಂದು ಹೇಳಿದರೆ ಪೂರ್ಣ ಸತ್ಯವಾಗದು. ಬಿಗಿದು, ಬಿಟ್ಟು, "ಬಾ" ಎಂದು ನಿಂತಿದ್ದ ಹಾಲಿನ ಮೋಟರಿನ ಹಿಂದಕ್ಕೆ ತಿರುಗಿದೆವು. ಭೀಮನು ಒಂದು ಕ್ಷಣ ನಿಂತು, ತಿರುಗಿ, ಬಂದನು, ಮೊಟ್ಟೆಯನ್ನು ತಿಂದನು. ವೃದ್ಧೆ ಬರಿಗಾಲಲ್ಲಿ ಓಡಿಬಂದು ಸೋನುವನ್ನು ಎತ್ತಿಕೊಂಡರು. ಎತ್ತುವಾಗ ಅವರ ಕೈ ನಡುಗುತ್ತಿತ್ತು, ನಮ್ಮದೂ.

"ಚಹಾ ಕುಡದ ಹೋಗ್ರಿ ಮಾಸ್ತರ" ಎಂದರು ಅವರು. ಭೀಮನನ್ನು ಮನೆಯಲ್ಲಿ ಕಟ್ಟಿ ಬಂದು ಕುಡಿದೆವು. ಬಾಯಿಕುಕ್ಕೆಯು ಇನ್ನೂ ನಮ್ಮ ಬಾಗಿಲ ಬಳಿಯ ಗೂಟದಲ್ಲಿಯೇ ಇದೆ. ಜನಸಂದಣಿಯ ದಿನಗಳಲ್ಲಿ ಹಾಕುತ್ತೇವೆ.